ನಾಕು ಮೂಲಿ, 102 ಪಾರ್ಟು: ಕಲಬುರ್ಗಿ ಮನ್ಯಾಗ ಕಾರ್ನರ್ ಸ್ಟೇಟ್ ಹಿಡಿದಿದ್ದು

ಮೊದಲನೇ ಸಲ ನಾ ಕಟ್ಟಿದ ಸರ್ಕ್ಯೂಟ್ ಬೋರ್ಡಿನ ಮೂಲ್ಯಾಗ ವೋಲ್ಟೇಜಿನ ಪೀಕ್ ಕಂಡಾಗ ಖುಷಿ ತಡಿಲಾರ್ದ ಸೂಪರ್ ಮಾರ್ಕೆಟ್‌ಗೆ ಹೋಗಿ ಮಾಲ್ಪುರಿ ತಂದು ಮನೀಮಂದಿಗೆಲ್ಲಾ ಹಂಚ್ಬಿಟ್ಟೆ. ಮೂರು ದಿನ ಬಿಟ್ಟು ಗೊತ್ತಾತು ಅದು ಸುಳ್ಳು ಪೀಕ್ ಅಂತ. ಅಷ್ಟೊತ್ತಿಗೆ ಮಾಲ್ಪುರಿ ಖಾಲಿ.

ಏನ್ ಮಾಡ್ಲತ್ತಿದ್ದೆ ಅಂದ್ರ, ಹೈಯರ್ ಆರ್ಡರ್ ಟೊಪೊಲಾಜಿಕಲ್ ಇನ್ಸುಲೇಟರ್ ಅನ್ನೋದನ್ನ ಮನ್ಯಾಗ ಕಟ್ಟಿ ನೋಡೋದು. ಹೆಸರು ಉದ್ದ ಅದ, ವಿಷ್ಯ ಇಷ್ಟೇ: ಸಾದಾ ಟೊಪೊಲಾಜಿಕಲ್ ಇನ್ಸುಲೇಟರ್‌ದಾಗ ನಡುವ ಏನೂ ಹರಿಯಂಗಿಲ್ಲ, ದಂಡಿಗುಂಟ ಹರಿತದ. ಇದ್ರಾಗ ನಡುವನೂ ಬಂದ್, ದಂಡಿನೂ ಬಂದ್, ಬರೇ ಮೂಲ್ಯಾಗ ಒಂದು ಮೋಡ್ (ಒಂದು ಥರದ ನಡುಗು, ಇದಕ್ಕೇ ಕಾರ್ನರ್ ಸ್ಟೇಟ್ ಅಂತಾರ) ಗಪ್‌ಚಿಪ್ ಕುಂತಿರ್ತದ. 2017ರಾಗ ಬೆನಲ್ಕಾಜರ್, ಬರ್ನೆವಿಗ್, ಹ್ಯೂಸ್ ಅನ್ನೋ ಮೂವರು ಭೌತವಿಜ್ಞಾನಿಗಳು ಲೆಕ್ಕ ಹಾಕಿ ಇಂಥದ್ದು ಇರಬಹುದು ಅಂದ್ರು, ಮುಂದಿನ ವರ್ಷನೇ ಅಂದ್ರ 2018ರಾಗ ಮೂರು ಕಡಿ ಮಾಡಿ ತೋರ್ಸಿದ್ರು, ಜ್ಯೂರಿಕ್‌ದಾಗ ನಡುಗೋ ಸಿಲಿಕಾನ್ ಪ್ಲೇಟ್‌ದಾಗ, ಇಲಿನಾಯ್‌ದಾಗ ಮೈಕ್ರೋವೇವ್‌ದಾಗ, ಜರ್ಮನಿಯ ವ್ಯುರ್ಟ್ಸ್‌ಬುರ್ಗ್‌ದಾಗ ಬರೇ ಕೆಪ್ಯಾಸಿಟರ್ ಇಂಡಕ್ಟರ್ ಹಾಕಿದ ಬೋರ್ಡ್‌ದಾಗ. 2019ರಾಗ ಮೇರಿಲ್ಯಾಂಡ್‌ನವ್ರು ಸಿಲಿಕಾನ್ ಚಿಪ್ ಮ್ಯಾಲಿನ ರಿಂಗ್‌ಗಳಾಗ ಬೆಳಕಿನಲಿಂದನೇ ಮಾಡಿದ್ರು.

ನನಗ ಖರೇ ಆಸೆ ಇದ್ದದ್ದು ಬೆಳಕಿಂದೇ. ಗಾಜಿನ ತುಂಡಿನೊಳಗ ಫೆಮ್ಟೋಸೆಕೆಂಡ್ ಲೇಸರ್‌ಲಿಂದ ಗೆರಿ ಕೊರದು ಸಾಲಿಗೆ ವೇವ್‌ಗೈಡ್ ಮಾಡ್ತಾರ, ಎರಡು ಗೆರಿ ಹತ್ತಿರ ಇದ್ರ ಬೆಳಕು ಒಂದರಿಂದ ಇನ್ನೊಂದಕ್ಕ ಜಲ್ದಿ ದಾಟ್ತದ, ದೂರ ಇದ್ರ ನಿಧಾನ. ಆದ್ರ ನಮ್ಮ ಓಣಿ ಪೂರಾ ಮಾರಿದ್ರೂ ಆ ಲೇಸರ್ ಬರಂಗಿಲ್ಲ. ನಾ ಹೊಟ್ಟಿಪಾಡಿಗೆ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳವ, ನನಗ ಕೈಗೆ ಸಿಗೋದು ಕೆಪ್ಯಾಸಿಟರ್. ಗಣಿತಕ್ಕ ಏನೂ ಫರಕ್ ಇಲ್ಲ. ವೇವ್‌ಗೈಡ್ ಜಾಗದಾಗ ನೋಡ್ (ಪಾರ್ಟಿನ ಕಾಲುಗಳು ಕೂಡೋ ಜಾಗ), ಅಂತರದ ಜಾಗದಾಗ ಕೆಪ್ಯಾಸಿಟರ್ ಬೆಲಿ (ರೊಕ್ಕದ್ದಲ್ಲ, ಎಷ್ಟು ಫ್ಯಾರಡ್ ಅನ್ನೋದು), ದೊಡ್ಡ ಕೆಪ್ಯಾಸಿಟರ್ ಅಂದ್ರ ಹತ್ತಿರದ ಗೆರಿ.

ಮೊದಲು ಅನ್ಕೊಂಡಿದ್ದು ಸಸ್ತಾ ರೀತಿ: ಎಲ್ಲಾ ಕಡಿ ಕೆಪ್ಯಾಸಿಟರೇ ಹಾಕೋದು, ಒಂದು ಸಣ್ಣದು ಒಂದು ದೊಡ್ಡದು, 10 ನ್ಯಾನೋಫ್ಯಾರಡ್ ಆಮ್ಯಾಲ 33, ಅಡ್ಡಕ್ಕೂ ಹಂಗ ಉದ್ದಕ್ಕೂ ಹಂಗ. ನಾಕು ನೋಡ್ ಸೇರಿ ಒಂದು ಸೆಲ್, ಸೆಲ್ ಒಳಗ ಸಣ್ಣದು, ಸೆಲ್ ಸೆಲ್ ನಡುವ ದೊಡ್ಡದು. ಹಿಂಗ ಮಾಡಿದ್ರ ಮೂಲಿಯ ನೋಡ್‌ಗೆ ಬರೇ ಸಣ್ಣವೇ ಅಂಟ್ಕೊಂಡಿರ್ತಾವ, ಅದು ಒಂಟಿ ಆಗ್ತದ, ಅಲ್ಲೇ ಮೋಡ್ ಕೂಡ್ತದ. ಇದನ್ನ ಕಂಪ್ಯೂಟರಿನಾಗ ನಂಪೈ ಅನ್ನೋ ಲೆಕ್ಕದ ಪ್ರೋಗ್ರಾಮಿನಾಗ 36ಕ್ಕ 36 ಮ್ಯಾಟ್ರಿಕ್ಸ್ ಮಾಡಿ ಓಡಿಸಿ ನೋಡ್ದೆ. ಮೂಲಿ ಮೋಡ್ ಸೊನ್ನಿಗೆ ಬಂತು ಖರೆ, ಆದ್ರ ನಡುವಿನ ಮೋಡ್‌ಗಳೂ ಸೊನ್ನಿಗೇ ಬಂದು ಕುಂತಿದ್ವು. ಯಾಕಂದ್ರ ಹಿಂಗ ಕಟ್ಟಿದಾಗ ಅಡ್ಡದ ಲೆಕ್ಕ ಉದ್ದದ ಲೆಕ್ಕ ಒಂದರಾಗ ಒಂದು ಕಳದುಬಿಡ್ತಾವ, ಗ್ಯಾಪ್, ಅಂದ್ರ ಸೊನ್ನಿ ಸುತ್ತ ಮೋಡ್ ಇಲ್ಲದ ಖಾಲಿ ಜಾಗ, ಉಳಿಯಂಗೇ ಇಲ್ಲ. ಸುದ್ದ ಪಾರ್ಟ್ ಇದ್ರ ನಡೀತದೇನೋ, ನಮ್ಮ ಕಡಿ ಸಿಗೋ ಪಾರ್ಟಿನಾಗ ಮೂಲಿ ಮೋಡ್ ನಡುವಿಗೆ ಸೋರಿ ಹೋಗೋದು ಗ್ಯಾರಂಟಿ.

ಗ್ಯಾಪ್ ಬೇಕಂದ್ರ ಪ್ರತಿ ಚೌಕಕ್ಕೊಂದು ಮೈನಸ್ ಬೇಕು. ಚೌಕದ ನಾಕು ಬಾಜು ಸುತ್ತಿ ಬಂದ್ರ ಗುರುತು ಉಲ್ಟಾ ಆಗಿರಬೇಕು, ಇದಕ್ಕ ಪೈ ಫ್ಲಕ್ಸ್ ಅಂತಾರ. ಗಾಜಿನಾಗ ಮೈನಸ್ ತರೋದು ಭಾಳ ತ್ರಾಸು. ಸರ್ಕ್ಯೂಟಿನಾಗ ಅದು ಫುಕಟ್ ಸಿಗ್ತದ, ಯಾಕಂದ್ರ ಕೆಪ್ಯಾಸಿಟರಿನ ಕರೆಂಟ್ 90 ಡಿಗ್ರಿ ಮುಂದ, ಇಂಡಕ್ಟರಿಂದು 90 ಡಿಗ್ರಿ ಹಿಂದ, ಎರಡರ ನಡುವ 180, ಅದೇ ಮೈನಸ್. ಹಂಗಾಗಿ ಒಂದು ಬಿಟ್ಟು ಒಂದು ಕಂಬಸಾಲಿನ್ಯಾಗ ಉದ್ದಕ್ಕೆ ಕೆಪ್ಯಾಸಿಟರ್ ಬದಲಿ ಇಂಡಕ್ಟರ್ ಹಾಕಿದ್ರ ಆತು. 10 ನ್ಯಾನೋ ಜಾಗದಾಗ 33 ಮೈಕ್ರೋಹೆನ್ರಿ, 33 ನ್ಯಾನೋ ಜಾಗದಾಗ 10 ಮೈಕ್ರೋಹೆನ್ರಿ. ಎರಡೂ ಗುಣಿಸಿದ್ರ ಒಂದೇ ಬರ್ತದ, ಅದರಲಿಂದ ಫ್ರೀಕ್ವೆನ್ಸಿ 277 ಕಿಲೋಹರ್ಟ್ಜ್. ಮೈನಸ್ ಅನ್ನೋದು ಈ ಒಂದು ಫ್ರೀಕ್ವೆನ್ಸಿಯಾಗ ಮಾತ್ರ ಸರಿಯಾಗಿ ಹೊಂದ್ತದ, ನೆನಪಿರ್ಲಿ.

ಪಾರ್ಟಿನ ಲೆಕ್ಕ: 6ಕ್ಕ 6, ಒಟ್ಟು 36 ನೋಡ್. 10 ನ್ಯಾನೋ 27, 33 ನ್ಯಾನೋ 36, 33 ಮೈಕ್ರೋ 9, 10 ಮೈಕ್ರೋ 12, ಆಮ್ಯಾಲ ಗ್ರೌಂಡಿಗೆ 3.9 ಮೈಕ್ರೋ 18. ಕೂಡಿಸಿದ್ರ 102. ಆದ್ರ ಇದು ಕಡೀ ಲೆಕ್ಕ, ಮೊದಲನೇ ಸಲ ನಾ ತಂದಿದ್ದು ಇದಕ್ಕಿಂತ ಕಡಿಮಿ. ಆ ಕಡಿಮಿ ಇದ್ದದ್ರಾಗೇ ಎಲ್ಲಾ ಕಥಿ ಅದ.

ಕೆಪ್ಯಾಸಿಟರ್ ಸ್ಟೇಷನ್ ಬಜಾರ್ ಕಡಿ ರೇಡಿಯೋ ಟಿವಿ ರಿಪೇರಿ ಕಾಕಾನ ಅಂಗಡ್ಯಾಗ ಸಿಕ್ವು, ಆ ಸಣ್ಣ ಬಿಸ್ಕೀಟ್ ಬಣ್ಣದ ಡಿಸ್ಕ್, ಮ್ಯಾಲ 103, 333 ಅಂತ ಬರದಿರ್ತದಲ್ಲ ಅವು. ಇಂಡಕ್ಟರ್ ಅಷ್ಟು ಇಲ್ಲಿ ಸಿಗ್ಲಿಲ್ಲ, ಹೈದ್ರಾಬಾದಿಗೆ ಮದ್ವಿಗೆ ಹೋದಾಗ ಕೋಠಿಯ ಗುಜರಾತಿ ಗಲ್ಲಿಯೊಳಗ ಹೊಕ್ಕು ರೆಸಿಸ್ಟರ್ ಹಂಗ ಕಾಣೋ ಕಲರ್ ರಿಂಗ್ ಚೋಕ್ ತಂದೆ. ಕಾಕಾ ನೋಡಿ ಕೇಳ್ದ, “ಇಷ್ಟ್ ಸುರುಳಿ ಯಾಕೋ ತಮ್ಮಾ, ರೇಡಿಯೋ ಮಾಡ್ಲತ್ತಿ ಏನು?” ಇಲ್ರಿ ಕಾಕಾ, 277 ಕಿಲೋ ಅಂದೆ. “ರೇಡಿಯೋ ಒಳಗಿನ 455 ಕಿಲೋದ ಐಎಫ್ ಗೊತ್ತದ, ಇದ್ಯಾವ ಸ್ಟೇಷನ್ನಪ್ಪಾ” ಅಂದ.

ಡಿಸ್ಕ್ ತಂದವ್ರಿಗೆ ಒಂದ್ ಮಾತು, ಕೆಪ್ಯಾಸಿಟರ್ ಇಂಡಕ್ಟರ್ ಅಳಿಯೋ ಎಲ್‌ಸಿಆರ್ ಮೀಟರ್ ಇಲ್ದ ಇದಕ್ಕ ಕೈ ಹಾಕ್ಬ್ಯಾಡ್ರಿ. ಆ ಡಿಸ್ಕ್‌ನಾಗ ಕೆಲವಕ್ಕ ಕೊನಿಗೆ ಝಡ್ ಅಂತ ಇರ್ತದ, ಅಂದ್ರ ಬರದಿದ್ದಕ್ಕಿಂತ 20 ಪರ್ಸೆಂಟ್ ಕಡಿಮಿಲಿಂದ 80 ಪರ್ಸೆಂಟ್ ಜಾಸ್ತಿವರಿಗೂ ಏನರೆ ಇರಬಹುದು! ನೂರಾ ಇಪ್ಪತ್ತು ತಂದು ಒಂದೊಂದೇ ಅಳದು ಮೊಟ್ಟಿ ಟ್ರೇಯೊಳಗ ಗುಂಪು ಹಚ್ದೆ. ಅವ್ವ ಬಂದು ನೋಡಿ, “ಮಿಕ್ಸರ್ ಕೆಟ್ಟು ತಿಂಗ್ಳಾತು, ಅದನ್ನ ಮುಟ್ಟಂಗಿಲ್ಲ, ಬ್ಯಾಳಿ ಆರಿಸಿದಂಗ ಇವನ್ನ ಆರಿಸ್ಲತ್ತ್ಯಲ್ಲೋ” ಅಂದ್ಲು. ತೊಗರಿ ನಾಡಿನಾಗ ಹುಟ್ಟಿ ಇಷ್ಟೂ ಆರಿಸಾಕ ಬರ್ಲಿಲ್ಲಂದ್ರ ಹೆಂಗ.

ಬೋರ್ಡು ಝೀರೋ ಪಿಸಿಬಿ ಅಲ್ಲ, ಅದು ಒಮ್ಮೆ ಮಾಡಿ ಕೆಡಿಸ್ಕೊಂಡೆ. ಗ್ರೌಂಡ್ ಒಂದೇ ತಂತಿ ಸುತ್ತಿಸಿ ತಂದ್ರ ಆ ತಂತಿನೇ ಒಂದು ಇಂಡಕ್ಟರ್ ಆಗಿ ಎಲ್ಲಾ ನೋಡ್‌ಗಳನ್ನ ಒಂದಕ್ಕೊಂದು ಕಟ್ಟಿಬಿಡ್ತದ. ಆಮ್ಯಾಲ 20 ಸೆಂಟಿಮೀಟರ್ ಚೌಕದ ಕಾಪರ್ ಕ್ಲ್ಯಾಡ್ ಹಾಳಿ ಇಡೀದೇ ಗ್ರೌಂಡ್ ಅಂತ ಇಟ್ಕೊಂಡು, ಅದರ ಮ್ಯಾಲ ಅದೇ ಹಾಳಿಯ ಸಣ್ಣ ಸಣ್ಣ ತುಂಡು 36 ಫೆವಿಕ್ವಿಕ್‌ಲಿಂದ ಅಂಟಿಸ್ದೆ, 3 ಸೆಂಟಿಮೀಟರ್ ಅಂತರಕ್ಕ ಒಂದು. ತುಂಡೇ ನೋಡ್. ಅಕ್ಕನ ಮಗ ಪಿಯುಸಿ, ಸೂಟಿಗೆ ಬಂದಿದ್ದ, ಅವಂದು ಕೈ ನನಗಿಂತ ಸ್ಥಿರ, ಅರ್ಧ ಸೋಲ್ಡರ್ ಅವಂದೇ.

ಅಳಿಯೋ ರೀತಿ ಸರಳ: ಫಂಕ್ಷನ್ ಜನರೇಟರ್‌ಲಿಂದ 10 ವೋಲ್ಟ್ ಪೀಕ್ ಟು ಪೀಕ್, 1 ಕಿಲೋ ಓಮ್ ರೆಸಿಸ್ಟರ್ ದಾಟಿಸಿ ಒಂದು ನೋಡ್‌ಗೆ ಕೊಡೋದು, ಅದೇ ನೋಡ್ ಮ್ಯಾಲ ವೋಲ್ಟೇಜ್ ತೋರ್ಸೋ ಸ್ಕೋಪ್ ಇಡೋದು, 100 ಕಿಲೋಲಿಂದ 1 ಮೆಗಾವರಿಗೂ ತಿರುವೋದು. ಎಲ್ಲಿ ವೋಲ್ಟೇಜ್ ಏರ್ತದ ಅಲ್ಲಿ ಇಂಪೀಡನ್ಸ್ (ಕರೆಂಟಿಗೆ ಅಡ್ಡಿ) ಜಾಸ್ತಿ, ಅಂದ್ರ ಆ ನೋಡ್ ಮ್ಯಾಲ ಮೋಡ್ ಕುಂತದ.

ಮ್ಯಾಲಿನ ಎಡಗಡಿ ಮೂಲ್ಯಾಗ ಇಟ್ಟೆ, ಏರ್ತು! ಚಂದ ಒಂದು ಪೀಕ್. ನಡುವಿನ ನೋಡ್‌ಗೆ ಹೋದೆ, ಅಲ್ಲಿ ಅಂಥದ್ದಿಲ್ಲ. ಮಾಲ್ಪುರಿ ತಂದಿದ್ದು ಆವತ್ತೇ.

ಆದ್ರ ಪೀಕ್ ಇದ್ದದ್ದು 650 ಕಿಲೋ ಆಸುಪಾಸು. ನಾ ಏನ್ ಅನ್ಕೊಂಡೆ, ಚೋಕ್ ಬೆಲಿ ತಪ್ಪಿರಬೇಕು, ಆಮ್ಯಾಲ ನೋಡೋಣ ಅಂತ. ಮನಸ್ಸಿಗೆ ಬೇಕಾದದ್ದು ಕಂಡಾಗ ನಂಬರ್ ಕಡಿ ಯಾರು ನೋಡ್ತಾರ. ಅಕ್ಕನ ಮಗ ಉಳದ ಮೂರು ಮೂಲಿನೂ ಅಳದು ಹಾಳಿ ಮ್ಯಾಲ ಬರದು ತಂದ. ಕೆಳಗಿನ ಎಡಗಡಿ 650. ಬಲಗಡಿ ಎರಡೂ ಮೂಲಿ 280. “ಮಾಮಾ, ಚೌಕ ಅಂದ್ರ ನಾಕೂ ಒಂದೇ ಇರಬೇಕಲ್ಲ?”

ಎರಡು ದಿನ ತಲಿ ಕೆಡಿಸ್ಕೊಂಡೆ. ಚೋಕ್ ಬದಲ್ ಮಾಡ್ದೆ, ಸೋಲ್ಡರ್ ಮತ್ತ ಮಾಡ್ದೆ, ಇನ್ವರ್ಟರ್ ಬಂದ್ ಮಾಡಿ ನೋಡ್ದೆ, ಅದರ ಗದ್ದಲ ಬ್ಯಾರೆನೇ ಇತ್ತು. ಮೂರನೇ ದಿನ ಮಟಮಟ ಮಧ್ಯಾಹ್ನ ಕರೆಂಟ್ ಹೋಗಿ ಫ್ಯಾನ್ ಇಲ್ಲ, ಬೆವರು ಇಳಿಲತ್ತದ, ಸುಮ್ಮ ಕುಂತು ಒಂದೊಂದು ನೋಡ್‌ಗೆ ಎಷ್ಟು ಕಾಲು ಬಂದಾವ ಅಂತ ಬೆರಳಿನಲೆ ಎಣಿಸ್ಲಾಕ ಶುರು ಮಾಡ್ದೆ. ನಡುವಿನ ನೋಡ್‌ಗೆ ನಾಕು ಬಾಜು. ದಂಡಿಯದಕ್ಕ ಮೂರು. ಮೂಲಿಗೆ ಎರಡೇ.

ಅಲ್ಲೇ ಅದ ನೋಡ್ರಿ. ಪುಸ್ತಕದಾಗ ಚಿತ್ರ ಬರೆವಾಗ ದಂಡಿ ಅಂದ್ರ ಗೆರಿ ಅಲ್ಲಿಗೆ ನಿಂತುಬಿಡ್ತದ, ನೋಡ್ ಹಂಗೇ ಇರ್ತದ. ನಾ ಕಂಪ್ಯೂಟರ್‌ದಾಗ ಮ್ಯಾಟ್ರಿಕ್ಸ್ ಮಾಡಿದಾಗ ಡಯಾಗನಲ್, ಅಂದ್ರ ಪ್ರತಿ ನೋಡಿನ ಸ್ವಂತ ಲೆಕ್ಕದ ಜಾಗ, ತುಂಬ ಸೊನ್ನಿ ಹಾಕ್ಬಿಟ್ಟಿದ್ದೆ. ಆದ್ರ ಸರ್ಕ್ಯೂಟಿನಾಗ ಒಂದು ಕೆಪ್ಯಾಸಿಟರ್ ಎರಡು ಕೆಲಸ ಮಾಡ್ತದ, ಎರಡು ನೋಡ್ ಕೂಡಿಸ್ತದ, ಜೊತಿಗೆ ಎರಡೂ ನೋಡ್‌ಗಳ ಸ್ವಂತ ಲೆಕ್ಕದಾಗೂ ಕೂಡ್ತದ. ನಡುವಿನ ಕೆಪ್ಯಾಸಿಟರ್ ಸಾಲಿನ ನೋಡ್‌ಗೆ 10, 10, 33, 33, ಒಟ್ಟು 86 ನ್ಯಾನೋ, ಅದನ್ನ 277ರಾಗ ಸರಿದೂಗಸ್ಲಿಕ್ಕಂತೇ 3.9 ಮೈಕ್ರೋ ಗ್ರೌಂಡಿಗೆ ಹಾಕಿದ್ದು. ಎಡಗಡಿ ಮೂಲಿಗೆ ಎರಡೂ 33 ಇಲ್ಲ, ಬರೇ 20 ನ್ಯಾನೋ. ಇಂಡಕ್ಟರ್ ಮಾತ್ರ ಅದೇ 3.9. ಅಂದ ಮ್ಯಾಲ ಅದು ಎಲ್ಲೋ ಮ್ಯಾಲಕ್ಕ ಹೋಗಿ ಒಬ್ಬಂಟಿ ರಿಂಗ್ ಆಗೋದೇ. ನಾ ಕಂಡ ಪೀಕ್ ಟೊಪೊಲಾಜಿನೂ ಅಲ್ಲ ಏನೂ ಅಲ್ಲ, ಟ್ಯೂನ್ ತಪ್ಪಿದ ಟ್ಯಾಂಕ್ ಸರ್ಕ್ಯೂಟು, ಕೆಪ್ಯಾಸಿಟರ್ ಇಂಡಕ್ಟರ್ ಕೂಡಿ ರಿಂಗ್ ಆಗೋದು ಅಷ್ಟೇ. ಡಿಪ್ಲೊಮಾ ಎರಡನೇ ಸೆಮಿಸ್ಟರ್ ಹುಡುಗ ಹೇಳ್ತಿದ್ದ.

ಬಲಗಡಿ ಯಾಕ 280 ಬಂತು? ಅಲ್ಲಿ ಇಂಡಕ್ಟರ್ ಸಾಲು. ಮೂಲಿಗೆ ಒಂದು 10 ನ್ಯಾನೋ, ಒಂದು 33 ಮೈಕ್ರೋ, ಎರಡೂ ಒಂದಕ್ಕೊಂದು 277ರಾಗೇ ಕಳದುಕೊಳ್ತಾವ. ಗ್ರೌಂಡಿಗೆ ಏನೂ ಹಾಕದಿದ್ರೂ ಆ ಮೂಲಿ ಅದೃಷ್ಟಕ್ಕ ಸರಿ ಇತ್ತು. ಅಕ್ಕನ ಮಗ ಬಲಗಡಿ ಅಳೀದಿದ್ರ ನಾ ಇನ್ನೂ 650 ಹಿಡ್ಕೊಂಡು ಕುಂತಿರ್ತಿದ್ದೆ.

ಮದ್ದು ಏನಂದ್ರ, ಬಾಜು ಮನಿ ಇಲ್ಲಂದ್ರ ಆ ಕಡಿ ಚಾಚಬೇಕಾದ ಕಾಲನ್ನ ಗ್ರೌಂಡಿಗೆ ಊರೋದು. ದಂಡಿ ನೋಡ್‌ಗೆ ಯಾವ ಪಾರ್ಟ್ ತಪ್ಪ್ಯದೋ ಅದೇ ಪಾರ್ಟ್ ನೋಡ್‌ಲಿಂದ ಗ್ರೌಂಡಿಗೆ. 33 ನ್ಯಾನೋ 18, 10 ಮೈಕ್ರೋ 6 ಮತ್ತ ತರಬೇಕಾತು. ಹಾಕಿ ಮುಗಿಸಿದ ರಾತ್ರಿ ನಾಕೂ ಮೂಲಿ 270 ದಾಟಿ 280ರ ಒಳಗ ಬಂದು ಕುಂತ್ವು.

ಬಂದ್ವು ಖರೆ, ಪೀಕ್ ಅನ್ಲಾಕ ನಾಚಿಕಿ ಬರೋ ಹಂಗ, ಗುಡ್ಡ ಇದ್ದಂಗ ಅಗಲಕ್ಕ ಬಿದ್ದಿದ್ವು. ಇದು ಕಲರ್ ರಿಂಗ್ ಚೋಕಿನ ಪ್ರತಾಪ. 3.9 ಮೈಕ್ರೋ ಅಂದ್ರ 277 ಕಿಲೋದಾಗ ಬರೇ 7 ಓಮ್ ಸನಿ ರಿಯಾಕ್ಟೆನ್ಸ್, ಚೋಕಿನ ತಂತಿ ರೆಸಿಸ್ಟೆನ್ಸೇ ಅರ್ಧ ಓಮ್ ಹತ್ರ ಇದ್ರ ಕ್ಯೂ ಅನ್ನೋದು, ಅಂದ್ರ ಪೀಕ್ ಎಷ್ಟು ಚೂಪು ಅನ್ನೋ ಅಳತಿ, ಹದಿನೈದು ದಾಟಂಗಿಲ್ಲ. ಕಾಕಾನ ಹತ್ರ ಹೋದ್ರ ದಪ್ಪ ತಂತಿಯ ಡ್ರಮ್ ಕೋರ್ ಹಾಕು, ಎಸ್‌ಎಂಪಿಎಸ್‌ದಾಗ ಇರ್ತಾವಲ್ಲ ನಿಂತಿರೋ ಡಬ್ಬಿ, ಅಂದ. ಅವನ್ನ ತರಿಸಿ ಹಾಕ್ದೆ, ಪೀಕ್ ಚೂಪಾತು, ಆದ್ರ ನಡುವಿನ ನೋಡ್‌ನಾಗ ಇರಬಾರದ ಸಣ್ಣ ಸಣ್ಣ ಪೀಕ್ ಗುಬ್ಬಿಗತೆ ಎದ್ದು ನಿಂತ್ವು. ಅವೆಲ್ಲಾ ತೆರದ ಕೋರ್, ಎಲ್ಲಾ ಒಂದೇ ದಿಕ್ಕಿಗೆ ನಿಂತಾವ, ಒಂದರ ಮ್ಯಾಗ್ನೆಟಿಕ್ ಫೀಲ್ಡ್ ಇನ್ನೊಂದರೊಳಗ ಹೋಗ್ಲತ್ತದ, ನಾ ಕಟ್ಟದಿರೋ ಕನೆಕ್ಷನ್ ತಾವೇ ಕಟ್ಕೊಂಡಾವ. ಮತ್ತ ಕಾಕಾ. ಅವ ಬೋರ್ಡ್ ಫೋಟೋ ನೋಡಿ ನಕ್ಕ, “ಹಳೀ ರೇಡಿಯೋದಾಗ ಎರಡು ಸುರುಳಿ ಯಾಕ ಅಡ್ಡ ಒಂದು ಉದ್ದ ಒಂದು ಇಡ್ತಿದ್ರು ಅನ್ಕೊಂಡಿ?” ಬಾಜು ಬಾಜು ಇರೋವನ್ನ ಒಂದು ನಿಲ್ಸಿ ಒಂದು ಮಲಗ್ಸಿ ಸೋಲ್ಡರ್ ಮಾಡ್ದೆ. ಗುಬ್ಬಿ ಹೋದ್ವು.

ಈಗಿನ ಅಳತಿ: ಬಲಗಡಿ ಎರಡು ಮೂಲಿ 277 ಕಿಲೋದಾಗ 3.5 ವೋಲ್ಟ್ ಹತ್ರ. ಎಡಗಡಿ ಎರಡು 275ರಾಗ 2.2 ವೋಲ್ಟ್. ನಡುವಿನ ನೋಡ್ 0.1 ವೋಲ್ಟೂ ಇಲ್ಲ, ದಂಡಿದೂ ಅಷ್ಟಕ್ಕಷ್ಟೇ. ಎಡಗಡಿ ಗಿಡ್ಡ ಯಾಕಂದ್ರ ಅಲ್ಲಿ 3.9ರ ಸುರುಳಿ ಗ್ರೌಂಡಿಗೆ ಕುಂತು ಜಾಸ್ತಿ ತಿಂತದ. 2 ಕಿಲೋ ಕೆಳಗ ಯಾಕಂದ್ರ ಬೇಕಾದದ್ದು 3.84, ಅಂಗಡ್ಯಾಗ ಸಿಗೋದು 3.9. 36 ನಂಬರ್ ಕಂಪ್ಯೂಟರಿಗೆ ಹಾಕಿ ಮೂರು ಆಯಾಮದ ಚಿತ್ರ ಮಾಡಿದಾಗ ಅಕ್ಕನ ಮಗ ಅಂದ, “ಮಾಮಾ, ಕಿಲ್ಲಾದಾಗಿನ ಜಾಮಿ ಮಸೀದಿ ಛತ್ತು ಇದ್ದಂಗ ಅದ.” ಖರೇ ಹಂಗೇ ಇತ್ತು, ಸಾಲಿಗೆ ಸಣ್ಣ ಸಣ್ಣ ಗುಮ್ಮಟ, ನಾಕು ಮೂಲಿಗೆ ನಾಕು ದೊಡ್ಡವು. 1367ರಾಗ ಕಟ್ಟಿದ್ದು ಅದು. ಮೆಹರಾಬ್ ಮ್ಯಾಲಿನ ಎಲ್ಲಕ್ಕಿಂತ ದೊಡ್ಡ ಗುಮ್ಮಟ ಮಾತ್ರ ನನ್ನ ಚಿತ್ರದಾಗಿಲ್ಲ, ಇದ್ದಿದ್ರ ಮತ್ತ ಮೂರು ದಿನ ತಲಿ ಕೆಡ್ತಿತ್ತು.

ಬಿಸ್ಲಿಂದು ಒಂದು ಹೇಳ್ಬೇಕು. ಮೇ ತಿಂಗಳ ನಮ್ಮೂರು ಗೊತ್ತದಲ್ಲ. ರಾತ್ರಿ 277 ಇದ್ದದ್ದು ಮರುದಿನ ಮಧ್ಯಾಹ್ನ 289 ತೋರಿಸ್ತು. ಡಿಸ್ಕ್ ಕೆಪ್ಯಾಸಿಟರ್ ಬಿಸಿ ಆದ್ರ ಕೆಪ್ಯಾಸಿಟನ್ಸ್ ಕುಸೀತದ, ಸಸ್ತಾ ಇದ್ದಷ್ಟು ಜಾಸ್ತಿ. ಕೆಟ್ಟೋತು ಅಂತ ಹೆದರಿದ್ದೆ, ಆದ್ರ ಮೂಲಿ ಮೂಲಿನೇ ಇತ್ತು, ನಡು ಹಂಗೇ ಸುಮ್ಮ ಇತ್ತು. ಯಾಕಂದ್ರ ಎಲ್ಲಾ ಕೆಪ್ಯಾಸಿಟರ್ ಒಂದೇ ಪ್ರಮಾಣದಾಗ ಇಳದ್ರ ಸಮತೋಲ ಕೆಡಂಗಿಲ್ಲ, ಇಡೀ ಸಂಸಾರನೇ ಗಂಟು ಕಟ್ಕೊಂಡು ಬ್ಯಾರೆ ಫ್ರೀಕ್ವೆನ್ಸಿಗೆ ಹೋಗ್ತದ. ಕಿಡಕಿ ಬಿಸಲು ಬೋರ್ಡಿನ ಒಂದು ಬಾಜುಕ್ಕ ಬಿದ್ದಾಗ ಮಾತ್ರ ಆ ಕಡಿ ಈ ಕಡಿ ಫರಕ್ ಬಂತು. ಮುಂದ ಪಾಲಿಯೆಸ್ಟರ್ ಹಾಕ್ಬೇಕು, ರೊಕ್ಕ ಕೂಡಿದ ಮ್ಯಾಲ.

ಆಮ್ಯಾಲ ಪ್ರೊಟೆಕ್ಷನ್ ಅಂತಾರಲ್ಲ, ಏನ್ ಮಾಡಿದ್ರೂ ಕೆಡಂಗಿಲ್ಲ ಅಂತ ವಿಡಿಯೋದಾಗ ಹೇಳ್ತಾರ, ಅದನ್ನ ಪರೀಕ್ಷಾ ಮಾಡ್ದೆ. ನಡುವಿನ ಒಂದು 10 ನ್ಯಾನೋ ತಗದು 15 ಹಾಕ್ದೆ, ಮೂಲಿ ಕದಲ್ಲಿಲ್ಲ. ಎಡ ಮೂಲಿಯ ನೋಡ್‌ಲಿಂದ ಗ್ರೌಂಡಿಗೆ ಬರೇ 4.7 ನ್ಯಾನೋ ಜಾಸ್ತಿ ಹಾಕ್ದೆ, ಪೀಕ್ 6 ಕಿಲೋ ಕೆಳಗ ಜಾರ್ತು. ಅಂದ್ರ ಎಲ್ಲಾದ್ರಲಿಂದ ರಕ್ಷಣಾ ಇಲ್ಲ. ಕೂಡಿಸೋ ಪಾರ್ಟಿನಾಗಿನ ಏರುಪೇರು ತಡೀತದ, ನೋಡಿನ ಸ್ವಂತ ಸಮತೋಲ ಕೆಡಿಸಿದ್ರ ತಡಿಯಂಗಿಲ್ಲ. ಕೂಡಿಸೋ ಪಾರ್ಟ್ ಬದಲ್ ಮಾಡಿದ್ರೂ ಸಮತೋಲ ಒಂದಿಷ್ಟು ಕೆಡ್ತದ, ನಡುವ ಇದ್ದದ್ದಕ್ಕ ಮೂಲಿಗೆ ಮುಟ್ಟಲಿಲ್ಲ ಅಷ್ಟೇ. ನನಗ ಈ ಬೋರ್ಡಿನಾಗ ಭಾಳ ಕೆಲಸ ಹಿಡದಿದ್ದು ಮೈನಸ್ಸಿಗೂ ಅಲ್ಲ ಟೊಪೊಲಾಜಿಗೂ ಅಲ್ಲ, ಗ್ರೌಂಡಿನ ಲೆಕ್ಕಕ್ಕ.

ಕಡೀ ಪರೀಕ್ಷಾ ಹೋದ ಐತವಾರ ಮಾಡಿದ್ವಿ, ಇದು ನನಗ ಎಲ್ಲಕ್ಕಿಂತ ಸೇರ್ತು. ಮ್ಯಾಲಿನ ಒಂದು ಸಾಲು, ಎಡಗಡಿ ಒಂದು ಸಾಲು ತಗದುಬಿಡೋದು, 5ಕ್ಕ 5 ಉಳೀತದ. ಹಿಂಗ ಕತ್ತರಿಸಿದ್ರ ಆ ಎರಡು ದಂಡಿ ಈಗ ದೊಡ್ಡ ಪಾರ್ಟ್‌ಲಿಂದ ಶುರು ಆಗ್ತಾವ, ಸಣ್ಣದರಲಿಂದ ಅಲ್ಲ, ಲೆಕ್ಕದ ಪ್ರಕಾರ ನಾಕರಾಗ ಮೂರು ಮೂಲಿ ಸತ್ತು ಕೆಳಗಿನ ಬಲಗಡಿ ಒಂದೇ ಉಳಿಬೇಕು. ಹೊಸ ಪಾರ್ಟ್ ಒಂದೂ ಬೇಕಾಗ್ಲಿಲ್ಲ. ತಗದ ಸಾಲಿಗೆ ಹೋಗ್ತಿದ್ದ ಹತ್ತು ಕಾಲು ಬಿಚ್ಚಿ ಅಲ್ಲೇ ಬಾಗಿಸಿ ಕೆಳಗಿನ ತಾಮ್ರಕ್ಕ ಸೋಲ್ಡರ್ ಮಾಡಿದ್ವಿ, ಅಷ್ಟೇ. ಅಕ್ಕನ ಮಗ ಪ್ರೋಬ್ ಹಿಡದ, ನಾ ಸ್ಕೋಪ್ ಕಡಿ ನೋಡದ ಗ್ವಾಡಿ ಕಡಿ ಮುಖ ಮಾಡಿ ಕುಂತೆ, ಮಾಲ್ಪುರಿ ನೆನಪಿತ್ತಲ್ಲ. ಹೊಸಾ ಮ್ಯಾಲಿನ ಎಡ, ಇಲ್ಲ ಅಂದ. ಮ್ಯಾಲಿನ ಬಲ, ಇಲ್ಲ. ಕೆಳಗಿನ ಎಡ, ಇಲ್ಲ. ಕೆಳಗಿನ ಬಲ, 277.

ಎಷ್ಟು ವೋಲ್ಟ್ ಅಂತ ಕೇಳೋದ್ರಾಗ ಕರೆಂಟ್ ಹೋತು.